ಬೈಲಿನ ದಾರಿಗೆ ಒಂದು ಮಡ್‌ಗಾರ್ಡ್

ಸಿಸ್ಟರ್ ಸೈಕಲನ್ನು ನನ್ನ ರಿಪೇರಿ ಅಂಗಡಿಯ ಮುಂದೆ ಇಳಿಸಿದರು. ಇಳಿಸಿದರು ಎಂದೇ ಬರೆಯಬೇಕು, ಯಾಕೆಂದರೆ ಅವರು ಅದರ ಹಿಂಭಾಗವನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ಬಂದಿದ್ದರು. ಹಿಂದಿನ ಚಕ್ರ ತಿರುಗುತ್ತಿರಲಿಲ್ಲ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೆಂಪು ಮಣ್ಣು ತುಂಬಿ ಎರಡೂ ಒಂದೇ ಆಗಿ ಹೋಗಿದ್ದವು.

ಸಿಸ್ಟರ್ ಎಂದರೆ ನಮ್ಮ ಇಗರ್ಜಿಯ ಸಿಸ್ಟರ್ ಅಲ್ಲ. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಹುಣ್ಣು ತೊಳೆದು ಡ್ರೆಸ್ಸಿಂಗ್ ಮಾಡುವ ನರ್ಸ್. ಪಾಲಿಯೇಟಿವ್ ಆರೈಕೆಯವರ ಜೀಪು ಯಾವಾಗಲೋ ಒಮ್ಮೆ ಬರುತ್ತದೆ. ನಡುವಿನ ದಿನಗಳಲ್ಲಿ ಹೋಗುವವರು ಇವರು. ಅಗಲ್ಪಾಡಿ ಕಡೆಯವರು. ನನಗಿಂತ ತುಂಬ ಚಿಕ್ಕವರು, ಆದರೂ ನಾನು ಅವರನ್ನು ಬಹುವಚನ ಬಿಟ್ಟು ಮಾತನಾಡಿಸಿದ್ದಿಲ್ಲ. ನನ್ನ ಹೆಂಡತಿ ಮಲಗಿದಲ್ಲೇ ಇದ್ದ ತಿಂಗಳುಗಳಲ್ಲಿ ನಮ್ಮ ಮನೆಗೂ ಇದೇ ಸೈಕಲಿನಲ್ಲಿ ಬರುತ್ತಿದ್ದರು. ಅವಳು ತೀರಿಹೋದದ್ದು ಬೇಸಗೆಯಲ್ಲಿ. ಅದಾದ ನಂತರ ಸಿಸ್ಟರನ್ನು ನಾನು ನೋಡಿದ್ದು ಇದೇ ಮೊದಲು.

"ಅಣ್ಣ, ಇದನ್ನು ಬಿಚ್ಚಿ ಬಿಸಾಡಿ," ಎಂದರು. "ಮಡ್‌ಗಾರ್ಡೇ ಬೇಡ ನಂಗೆ."

"ಬಿಚ್ಚಿದ್ರೆ ಬೆನ್ನಿಡೀ ಕೆಸರಾಗ್ತದೆ."

"ಈಗ ಎಂತ ಕಮ್ಮಿ ಉಂಟಾ?" ಎಂದು ತಿರುಗಿ ನಿಂತು ಬೆನ್ನು ತೋರಿಸಿದರು. ರೈನ್‌ಕೋಟಿನ ಮೇಲೆ ಸೊಂಟದಿಂದ ಕುತ್ತಿಗೆಯವರೆಗೆ ಕೆಸರಿನ ಗೆರೆ.

ಬೆಂಚಿನಲ್ಲಿ ಕುಳಿತು ಅವರು ತಮ್ಮ ತೀರ್ಮಾನ ಹೇಳಿದರು. ಈ ಮಳೆಗಾಲ ಸೈಕಲ್ ಬಿಡುತ್ತಾರೆ, ನಡೆದೇ ಹೋಗುತ್ತಾರೆ. ನಡೆದರೆ ಹತ್ತಿರದ ಮನೆಗಳು ಮಾತ್ರ ಮುಗಿಯುತ್ತವೆ. ತೋಡಿನ ಸಂಕದ ಆಚೆಯ ಮನೆಗೆ ಜೀಪಿನವರು ಬಂದಾಗ ಬಂದಷ್ಟೇ.

ಸಂಕದ ಆಚೆಯ ಮನೆ ನನಗೆ ಗೊತ್ತಿತ್ತು. ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ ಮಾಡುತ್ತಿದ್ದವನು ಬೆನ್ನಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲದೆ, ನೋವಿನ ಅರಿವು ಮಾತ್ರ ಉಳಿದು ಮಲಗಿದ್ದಾನೆ. ಮಲಗಿ ಮಲಗಿ ಬೆನ್ನಿನ ಕೆಳಗೆ ಹುಣ್ಣು. ಹಿಂದಿನ ಮಳೆಗಾಲದಲ್ಲಿ ಡ್ರೆಸ್ಸಿಂಗ್ ತಪ್ಪಿ ತಪ್ಪಿ ಅದು ಎಲುಬು ಕಾಣುವಷ್ಟು ಆಳವಾಗಿತ್ತಂತೆ. ಬೇಸಗೆಯಲ್ಲಿ ಬಿಡದೆ ಹೋಗಿ ಸಿಸ್ಟರ್ ಅದನ್ನು ಅರ್ಧ ಮುಚ್ಚುವ ತನಕ ತಂದಿದ್ದರು. ಇನ್ನು ಪುನಃ ತಪ್ಪಿದರೆ ಮಾಡಿದ್ದೆಲ್ಲ ಹಾಳು.

ಆ ಮನೆಗೆ ಸ್ಕೂಟರ್ ಹೋಗುವುದಿಲ್ಲ, ಜೀಪಿನವರೂ ರಸ್ತೆಯಲ್ಲಿ ನಿಲ್ಲಿಸಿ ನಡೆದೇ ಹೋಗಬೇಕು. ಬೈಲಿನ ಗದ್ದೆಗಳ ಬದುವಿನ ಮೇಲೆ ದಾರಿ, ಕೊನೆಗೆ ತೋಡಿಗೆ ಅಡ್ಡವಾಗಿ ಕಾಲುಸಂಕ, ಜನ ನಡೆಯುವಷ್ಟೇ ಅಗಲದ ಸೇತುವೆ. ಬೈಕಿನವರು ನುಗ್ಗಬಾರದೆಂದು ಸಂಕದ ಬಾಯಿಗೆ ಕಬ್ಬಿಣದ ಪೈಪು ನೆಟ್ಟಿದ್ದಾರೆ. ಸೈಕಲನ್ನಾದರೆ ಓರೆ ಮಾಡಿ ದಾಟಿಸಬಹುದು. ಸಿಸ್ಟರಿಗೆ ಕೆಸರಿನ ಮೇಲೆ ಅಸಹ್ಯವೇನೂ ಇರಲಿಲ್ಲ. ಆದರೆ ಡ್ರೆಸ್ಸಿಂಗ್ ಪೆಟ್ಟಿಗೆ ಕ್ಯಾರಿಯರಿನ ಮೇಲೆ, ಹಿಂದಿನ ಚಕ್ರಕ್ಕೆ ಸರಿಯಾಗಿ ಇರುತ್ತದೆ. ಎಷ್ಟು ಪ್ಲಾಸ್ಟಿಕ್ ಸುತ್ತಿದರೂ ಕೆಸರು ನೀರು ಒಳಗೆ ಇಳಿಯುತ್ತದೆ. ಕೆಸರಾದ ಮೈಯಲ್ಲಿ ತೆರೆದ ಹುಣ್ಣನ್ನು ಮುಟ್ಟುವ ಹಾಗಿಲ್ಲ. ಪ್ರತಿ ಮನೆಯ ಅಂಗಳದಲ್ಲಿ ಬಾವಿಯ ನೀರು ಸೇದಿ ತೊಳೆದು, ಒರೆಸಿ, ಪೆಟ್ಟಿಗೆ ಒಣಗಿಸಿ ಒಳಗೆ ಹೋಗುವಷ್ಟರಲ್ಲಿ ಹೊತ್ತು ಹೋಗುತ್ತದೆ. ದಾರಿಯಲ್ಲಿ ಚಕ್ರ ಸಿಕ್ಕಿಕೊಂಡದ್ದನ್ನು ಕೋಲಿನಿಂದ ಕುತ್ತಿ ಬಿಡಿಸುವ ಹೊತ್ತು ಬೇರೆ. ಕೊನೆಗೆ ಬಿಟ್ಟುಹೋಗುವುದು ಕೊನೆಯ ಮನೆ.

ತೊಳೆಯುವ ಆ ಹೊತ್ತು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಸೈಕಲಿನ ಸದ್ದು ಕೇಳಿದ ಕೂಡಲೇ ನನ್ನ ಹೆಂಡತಿ ಸಿಸ್ಟರ್ ಬಂದರಾ ಎಂದು ಕೇಳುತ್ತಿದ್ದಳು. ಬಂದರು, ಕಾಲು ತೊಳೆಯುತ್ತಿದ್ದಾರೆ ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪುನಃ ಕೇಳುತ್ತಿದ್ದಳು. ಹೊರಗೆ ಕೊಡಪಾನದ ಸದ್ದು ಕೇಳುತ್ತಿತ್ತು. ಅವಳು ಗೋಡೆ ನೋಡಿಕೊಂಡು ಕಾಯುತ್ತಿದ್ದಳು.

ಸೈಕಲ್ ಇಲ್ಲೇ ಬಿಡಿ, ನೋಡುತ್ತೇನೆ ಎಂದೆ. ನೋಡುವ ಉಮೇದು ಇರಲಿಲ್ಲ. ಆಗೆಲ್ಲ ಅಂಗಡಿಯ ಬಾಗಿಲು ತೆರೆಯುವುದು, ಮುಚ್ಚುವುದು ಇಷ್ಟೇ ನನಗೆ ಕೆಲಸವಾಗಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಹಳೆಯ ತಗಡಿನ ಮಡ್‌ಗಾರ್ಡ್ ತುಕ್ಕು ಹಿಡಿದು ಅಲ್ಲಲ್ಲಿ ತಗ್ಗಿತ್ತು. ಕಾಸರಗೋಡಿಗೆ ಹೋಗಿ ಅಗಲವಾದ ಹೊಸ ಜೋಡಿ ತಂದೆ. ಅದನ್ನು ಹಿಡಿದಿಡುವ ಕಂಬಿಗಳನ್ನು ಅಳತೆಗೆ ಕತ್ತರಿಸಿ, ಟೈರಿನ ಸುತ್ತ ಎಲ್ಲ ಕಡೆ ಒಂದು ಬೆರಳಿನ ಸಂದು ಬರುವಂತೆ ಕೂರಿಸಿದೆ. ಚಕ್ರ ತಿರುಗಿಸಿದರೆ ಸಂದು ಎಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಮ್ಮ ಕೆಲಸದಲ್ಲಿ ಇದನ್ನೇ ಚಂದ ಎನ್ನುವುದು. ಡಾಮರು ರಸ್ತೆಯಲ್ಲಿ ಬಿಟ್ಟು ನೋಡಿದೆ, ಒಂದು ಹನಿ ಹಾರಲಿಲ್ಲ. ಸಿಸ್ಟರ್ ಅದೇ ದಿನ ಬೈಲಿಗೆ ಕೊಂಡುಹೋದರು, ಮೊದಲ ತಿರುವಿನಲ್ಲೇ ಚಕ್ರ ಸಿಕ್ಕಿಕೊಂಡಿತು. ಹಳೆಯದಕ್ಕಿಂತ ಬೇಗ.

ಎರಡನೆಯ ಸಲ ಸಂದನ್ನು ಎರಡು ಬೆರಳು ಮಾಡಿದೆ. ಈಗ ಮಣ್ಣಿಗೆ ಚಕ್ರ ಸಿಕ್ಕಿಕೊಳ್ಳಲಿಲ್ಲ, ಆದರೆ ನೀರು ನಿಲ್ಲಲಿಲ್ಲ. ಹಿಂದೆ ಪೆಟ್ಟಿಗೆಯ ಅಡಿಗೆ ಹೊಡೆಯಿತು. ಮುಂದಿನ ಚಕ್ರದಿಂದ ಎದ್ದ ನೀರು ಪಾದಗಳಿಗೆ, ಚೈನಿಗೆ, ಗಾಳಿ ಎದುರಾದರೆ ಮುಖಕ್ಕೆ. ಹತ್ತಿರ ಇಟ್ಟರೆ ಮಣ್ಣು, ದೂರ ಇಟ್ಟರೆ ನೀರು. ಇದರ ನಡುವೆ ದಾರಿ ಇಲ್ಲವೆಂದು ತೋರಿತು. ಆದ್ದರಿಂದ ಸಂದನ್ನು ಎರಡು ಬೆರಳಲ್ಲೇ ಬಿಟ್ಟು, ನೀರನ್ನು ಕೆಳಗೇ ತಡೆಯಲು ಎರಡೂ ಚಕ್ರಗಳಿಗೆ ನೆಲದ ಹತ್ತಿರದವರೆಗೆ ಇಳಿಯುವ ಉದ್ದದ ಫ್ಲ್ಯಾಪ್, ಅಂದರೆ ರಬ್ಬರ್ ಪಟ್ಟಿ, ಹಾಕುವುದೆಂದು ಯೋಚಿಸಿದೆ.

ಹಳೆಯ ಟ್ಯೂಬ್ ಕತ್ತರಿಸಿ ನೋಡಿದೆ. ಅದು ಮೆತ್ತಗೆ, ಗಾಳಿಗೆ ಮಡಚಿ ಚಕ್ರಕ್ಕೆ ತಾಗುತ್ತಿತ್ತು. ಟೈರಿನ ತುಂಡು ಡೊಂಕಾಗಿಯೇ ನಿಲ್ಲುತ್ತಿತ್ತು. ಆಗ ಅಂಗಡಿಗೆ ಬಂದವರು ಪಕ್ಕದ ರಬ್ಬರ್ ತೋಟದ ಯಜಮಾನರು. ದಿನಾ ಪೇಪರ್ ಓದಲು ಬಂದು ಕೂರುವವರು. ಇಲ್ಲಿಯ ಕೊಂಕಣಿ ಕ್ರಿಶ್ಚಿಯನರನ್ನೆಲ್ಲ ಕರೆಯುವಂತೆ ನನ್ನನ್ನೂ ಪೊರ್ಬುಗಳೇ ಎಂದೇ ಕರೆಯುತ್ತಾರೆ.

"ಎಂತದು ಪೊರ್ಬುಗಳೇ, ನಮ್ಮ ಕುಂಬ್ಡಾಜೆಯಲ್ಲಿ ಕೂತು ರಬ್ಬರ್ ಹುಡುಕುದಾ? ಸಮುದ್ರದಲ್ಲಿ ಕೂತು ಉಪ್ಪು ಹುಡುಕಿದ ಹಾಗೆ ಆಯ್ತು."

ತಮ್ಮ ಹೊಗೆಗೂಡಿನಿಂದ ಒಂದು ಒಳ್ಳೆಯ ಶೀಟನ್ನೇ ತಂದುಕೊಟ್ಟರು. ರಬ್ಬರ್ ಮರದ ಹಾಲು ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಹಾಕಿ, ಹೊಗೆಯಲ್ಲಿ ಒಣಗಿಸಿದ ಜೇನುಬಣ್ಣದ ಶೀಟು. ಕೈಗೆ ದಪ್ಪ, ಬಾಗಿಸಿದರೆ ನೇರವಾಗುತ್ತದೆ, ನೀರು ಹಿಡಿಯುವುದಿಲ್ಲ. ಇಲ್ಲಿ ಎಲ್ಲರ ಮನೆಯ ಹಗ್ಗದಲ್ಲಿ ನೇತಾಡುವ ವಸ್ತು ನನಗೆ ಹೊಳೆದಿರಲಿಲ್ಲವಲ್ಲ ಎಂದುಕೊಂಡೆ. ಎರಡು ತುಂಡು ಕತ್ತರಿಸಿ, ಕೆಳಗೆ ಅಗಲ ಮೇಲೆ ಸಪುರ ಮಾಡಿ, ವಾಷರ್ ಕೊಟ್ಟು ರಿವೆಟ್ ಹೊಡೆದೆ.

ಅದು ಚೆನ್ನಾಗಿಯೇ ನಡೆಯಿತು. ಮಳೆ ಬಿಡದೆ ಸುರಿಯುತ್ತಿದ್ದ ಆ ದಿನಗಳಲ್ಲಿ ಸಿಸ್ಟರ್ ಕೊನೆಯ ಮನೆಗೂ ಹೋಗಿ ಬಂದರು. ಪೆಟ್ಟಿಗೆಗೆ ನೀರು ಸ್ವಲ್ಪ ಹಾರುತ್ತದೆ, ಆದರೂ ಅಡ್ಡಿಯಿಲ್ಲ ಎಂದರು. ಯಜಮಾನರು ಬಂದವರಿಗೆಲ್ಲ ಫ್ಲ್ಯಾಪ್ ತಮ್ಮ ಶೀಟಿನದ್ದೆಂದು ಹೇಳುತ್ತಿದ್ದರು. ನನಗೆ ಕೆಲಸ ಮುಗಿಯಿತು ಅನ್ನಿಸಿತು. ಮುಗಿದದ್ದೇ ಸಾಕು ಅನ್ನಿಸಿತು.

ಆಮೇಲೆ ಮಳೆ ಬಿಟ್ಟಿತು. ಆಟಿ ತಿಂಗಳ ಬಿಸಿಲಿಗೆ ಆನೆಯ ಬೆನ್ನೂ ಬಿರಿಯುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ, ಅಂಥ ಬಿಸಿಲು ಬಂತು. ಸಿಸ್ಟರ್ ಒಂದು ಮನೆಯ ಅಂಗಳದಲ್ಲಿ ಸೈಕಲ್ ನಿಲ್ಲಿಸಿ ಒಳಗೆ ಹೋಗಿದ್ದರು. ಹೊರಗೆ ಶೀಟು ಬಿಸಿಲಿಗೆ ಮೆತ್ತಗಾಗಿ ಉದ್ದಕ್ಕೆ ಜೋತಿತು. ಅದು ಹದ ಮಾಡಿದ ರಬ್ಬರ್ ಅಲ್ಲ, ಕಚ್ಚಾ ಶೀಟು, ಕಾರ್ಖಾನೆಯಲ್ಲಿ ಬೇಯುವ ಮೊದಲು ಬಿಸಿ ತಾಗಿದರೆ ಅಂಟುತ್ತದೆ. ಈ ಊರಿನಲ್ಲಿ ಹುಟ್ಟಿದವರಿಗೆ ಅದು ಗೊತ್ತಿಲ್ಲದೆ ಇಲ್ಲ. ಆದರೆ ಮರದಿಂದ ಇಳಿಸಿ ಮಾರುವ ತನಕ ಮಾತ್ರ ನೋಡುವ ನಮಗೆ ರಬ್ಬರ್ ಎಂದರೆ ರಬ್ಬರ್, ಅಷ್ಟೆ. ಅಲ್ಲಿಂದ ಹೊರಟು, ಸಂಕದ ಮೆಟ್ಟಿಲಿನಲ್ಲಿ ಪೈಪು ದಾಟಿಸಲು ಸೈಕಲನ್ನು ಹಿಂದಕ್ಕೆ ಸರಿಸುವಾಗ ಜೋತ ತುದಿ ಟೈರಿಗೆ ಅಂಟಿ ಒಳಗೆ ಸುತ್ತಿಕೊಂಡಿತು. ಮಡ್‌ಗಾರ್ಡ್ ಮಡಚಿತು, ಸೈಕಲ್ ಒಂದು ಬದಿಗೆ ಬಿತ್ತು. ಸಿಸ್ಟರಿಗೆ ಮೊಣಕೈ ತರಚಿತು. ಪೆಟ್ಟಿಗೆ ತೋಡಿಗೆ ಹೋಯಿತು. ಆ ದಿನ ಕೊನೆಯ ಮನೆಯಲ್ಲಿ ಡ್ರೆಸ್ಸಿಂಗ್ ಆಗಲಿಲ್ಲ.

ಮರುದಿನ ಅವರು ಸೈಕಲನ್ನು ತಂದು ಗೋಡೆಗೆ ಒರಗಿಸಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಸಾಕು ಅಣ್ಣ," ಎಂದರು. "ನೀವೂ ಬಚ್ಚಿ ಸುಸ್ತಾಗಿದ್ದೀರಿ, ನಾನೂ ಬಚ್ಚಿದ್ದೇನೆ. ಬಿಡುವ."

ಅವರು ಕೊಡೆ ಹಿಡಿದು ನಡೆದುಕೊಂಡು ಹೋದರು. ಸೈಕಲ್ ಅಲ್ಲೇ ಉಳಿಯಿತು. ಮುಂದಿನ ಕೆಲವು ದಿನ ನಾನು ಅದನ್ನು ಮುಟ್ಟಲಿಲ್ಲ. ಪುನಃ ಮಳೆ ಹಿಡಿಯಿತು. ಯಜಮಾನರು ಬಂದು ಪೇಪರ್ ಓದಿ, ಶೀಟಿನ ವಿಷಯ ಎತ್ತದೆ ಹೋಗುತ್ತಿದ್ದರು. ಮನೆಗೆ ಹೋಗಿ ಗಂಜಿ ಬೇಯಿಸಿ, ಉಣ್ಣುವಷ್ಟು ಉಂಡು ಮಲಗುತ್ತಿದ್ದೆ. ಆ ಕೋರೆಯವನು ಈಗ ಮಲಗಿದಲ್ಲಿಂದ ಸದ್ದಿಗೆ ಕಿವಿಗೊಡುತ್ತಿರಬಹುದೆಂಬ ಯೋಚನೆ ಬರುತ್ತಿತ್ತು. ಬಂದರೆ ಮಗ್ಗುಲು ಬದಲಿಸುತ್ತಿದ್ದೆ.

ಕೊನೆಗೆ ಸೈಕಲ್ ಬಿಚ್ಚಿದ್ದು ಹಿಂದೆ ಕೊಡುವುದಾದರೆ ತೊಳೆದಾದರೂ ಕೊಡೋಣವೆಂದು. ಹಿಂದಿನ ಮಡ್‌ಗಾರ್ಡ್ ಕಳಚಿ ಮಗುಚಿ ಹಾಕಿದೆ. ಒಳಗಿನ ಮಣ್ಣು ಹಾಗೆಯೇ ಒಣಗಿತ್ತು. ಸ್ಕ್ರೂಡ್ರೈವರಿನಿಂದ ಕೆರೆಯುತ್ತಾ ಹೋದೆ. ಹಿಂಬದಿಯ ಕೆಳಗಿನ ತುದಿಯಲ್ಲಿ ಮಣ್ಣು ಪದರವಷ್ಟೇ, ಉಗುರು ತಾಗಿದರೆ ಉದುರುತ್ತಿತ್ತು. ಮೇಲೆ ಹೋದಂತೆ ದಪ್ಪ. ಸೀಟಿನ ಪೈಪಿನ ಹಿಂದೆ, ಪೆಡಲಿನ ಅಚ್ಚಿನ ಹತ್ತಿರ ಇಳಿಯುವ ತುದಿಯಲ್ಲಿ ಅದು ಇಟ್ಟಿಗೆಯಾಗಿತ್ತು. ಸುತ್ತಿಗೆ ಬೇಕಾಯಿತು.

ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದೆ. ಟೈರು ಮಣ್ಣನ್ನು ನೆಲದಿಂದ ಎತ್ತಿ ಹಿಂದಿನಿಂದ ಮೇಲಕ್ಕೆ ಒಯ್ಯುತ್ತದೆ, ಸೀಟಿನ ಅಡಿಯಿಂದ ಮುಂದಕ್ಕೆ, ಅಲ್ಲಿಂದ ಕೆಳಕ್ಕೆ. ಒಳಗೆ ಬರುವುದು ಹಿಂಬದಿಯ ತುದಿಯಲ್ಲಿ, ಹೊರಗೆ ಹೋಗಬೇಕಾದದ್ದು ಪೆಡಲಿನ ಹತ್ತಿರ. ಬಂದದ್ದು ಹೋಗಲು ಜಾಗ ಸಿಗದೆ ಅಲ್ಲಿ ನಿಂತು, ಅದರ ಹಿಂದೆ ಬಂದದ್ದು ಅದರ ಮೇಲೆ ನಿಂತು, ಹೀಗೆ ಹಿಂದಕ್ಕೆ ತುಂಬಿಕೊಂಡು ಬಂದಿತ್ತು. ಎಲ್ಲ ಕಡೆ ಸಮ ಸಂದು ಇಟ್ಟು ಚಂದ ಮಾಡಿದ್ದೆನಲ್ಲ, ಆ ಚಂದವೇ ತೊಂದರೆ. ಬರುವಲ್ಲಿ ಇಕ್ಕಟ್ಟು ಇರಬೇಕು, ಹೆಚ್ಚಿನ ಮಣ್ಣು ಅಲ್ಲೇ ತಟ್ಟಿ ಉದುರುವಂತೆ. ಹೋಗುವಲ್ಲಿ ಅಗಲ ಬೇಕು. ಇಷ್ಟು ವರ್ಷ ಈ ಕೆಲಸ ಮಾಡಿಯೂ ನಾನು ಕೆರೆದ ಮಣ್ಣನ್ನು ಚರಂಡಿಗೆ ಹಾಕಿದ್ದೇ ಹೊರತು, ಅದು ಎಲ್ಲಿ ಎಷ್ಟು ಗಟ್ಟಿ ಎಂದು ನೋಡಿರಲಿಲ್ಲ.

ಕೆಲಸ ಪುನಃ ಹಿಡಿದು, ಮಡಚಿದ್ದನ್ನು ತಟ್ಟಿ ಸರಿಮಾಡಿದೆ. ಹಿಂಬದಿಯ ಕೆಳತುದಿಯನ್ನು ಅರ್ಧ ಬೆರಳಷ್ಟೇ ಸಂದು ಉಳಿಯುವಂತೆ ಟೈರಿಗೆ ಹತ್ತಿರ ತಂದೆ. ಸೀಟಿನ ಅಡಿಯಲ್ಲಿ ಎರಡು ಬೆರಳು ಬರುವಂತೆ ಬ್ರಾಕೆಟಿನ ಎಡೆಗೆ ವಾಷರ್ ಪೇರಿಸಿದೆ. ಪೆಡಲಿನ ಹತ್ತಿರ ಬೇಕಾಗಿದ್ದ ಮೂರು ಬೆರಳಿಗೆ ಜಾಗವೇ ಇರಲಿಲ್ಲ, ಅಲ್ಲಿ ಚೈನಿನ ಬದಿಯ ಪೈಪುಗಳು ಕೂಡುತ್ತವೆ. ಆದ್ದರಿಂದ ಮಡ್‌ಗಾರ್ಡಿನ ಆ ತುದಿಯನ್ನೇ ಕತ್ತರಿಸಿ ತೆಗೆದೆ. ಹೊಸ ಸಾಮಾನನ್ನು ಗರಗಸಕ್ಕೆ ಕೊಡುವಾಗ ಕೈ ಸ್ವಲ್ಪ ತಡೆಯಿತು. ಅಲ್ಲಿಂದ ಬೀಳುವ ಮಣ್ಣು ಪೆಡಲಿನ ಅಚ್ಚಿಗೆ ಹೋಗಬಾರದೆಂದು ಪೈಪಿಗೆ ಒಂದು ಪ್ಲಾಸ್ಟಿಕ್ ಕ್ಯಾನಿನ ತುಂಡನ್ನು ಓರೆಯಾಗಿ ಕಟ್ಟಿದೆ.

ಮುಂದಿನ ಚಕ್ರದಲ್ಲಿ ಮಣ್ಣು ನಿಲ್ಲುತ್ತಿದ್ದದ್ದು ಫೋರ್ಕಿನ ಅಡಿಯಲ್ಲಿ. ಮಡ್‌ಗಾರ್ಡ್ ಹಿಡಿಯುವ ಬೋಲ್ಟನ್ನು ಮೇಲಿನಿಂದ ಹಾಕಿ ಒಳಗೆ ನಟ್ ಬಿಗಿಯುವುದು ವಾಡಿಕೆ. ಬೋಲ್ಟಿನ ತುದಿ ಒಳಗೆ ಚಾಚಿಕೊಂಡಿರುತ್ತದೆ, ಮೊದಲ ಹುಲ್ಲುಕಡ್ಡಿ ಅದಕ್ಕೆ ಸಿಕ್ಕಿಕೊಂಡು ಅದರ ಮೇಲೆ ಮಣ್ಣು ಕಟ್ಟುತ್ತದೆ. ಬೋಲ್ಟನ್ನು ತಿರುವಿ ಹಾಕಿದೆ, ಚಪ್ಪಟೆ ತಲೆ ಒಳಗೆ, ನಟ್ ಹೊರಗೆ. ಮುಂದಿನ ತುದಿಯನ್ನು ಒಂದು ಗೇಣು ಮುಂದಕ್ಕೆ ಉದ್ದ ಮಾಡಿದೆ, ಮುಖಕ್ಕೆ ಬರುವ ನೀರು ಅಲ್ಲಿಂದಲೇ ಏಳುವುದು.

ಉಳಿದದ್ದು ಫ್ಲ್ಯಾಪ್. ಬಿಸಿಲಿಗೆ ಮೆತ್ತಗಾಗಬಾರದು, ರಿವೆಟಿನ ತೂತಿನಲ್ಲಿ ಹರಿಯಬಾರದು, ಹಿಂದಕ್ಕೆ ಸರಿಸಿದರೆ ಮಡಚಿ ಪುನಃ ಬಿಡಿಸಿಕೊಳ್ಳಬೇಕು. ಅಂಥದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇರೆ ಎಲ್ಲವನ್ನೂ ನೋಡಿದೆ. ರೆಕ್ಸಿನ್ ನೋಡಿದೆ, ಹಟ್ಟಿಗೆ ಹಾಕುವ ಮ್ಯಾಟಿನ ತುಂಡು ನೋಡಿದೆ.

ನನ್ನ ಹೆಂಡತಿಯ ಹಾಸಿಗೆಯ ಮೇಲೆ ಹಾಸುತ್ತಿದ್ದ ಆಸ್ಪತ್ರೆಯ ರಬ್ಬರ್ ಶೀಟು ಮನೆಯ ಕಪಾಟಿನಲ್ಲಿತ್ತು. ಒಳಗೆ ಬಟ್ಟೆ, ಎರಡೂ ಬದಿ ರಬ್ಬರ್. ಗಾಳಿಯ ಹಾಸಿಗೆಯನ್ನು ಪಾಲಿಯೇಟಿವ್‌ನವರಿಗೆ ಹಿಂದೆ ಕೊಟ್ಟಿದ್ದೆ, ಚಾಪೆ ದಿಂಬನ್ನು ಅವಳ ತಂಗಿ ಹೊರಗೆ ಹಾಕಿಸಿದ್ದಳು. ಇದನ್ನು ನಾನು ಕೊಡಲಿಲ್ಲ. ದಿನಾ ಡೆಟ್ಟಾಲ್ ನೀರಿನಲ್ಲಿ ತೊಳೆದು ಅಂಗಳದ ಹಗ್ಗಕ್ಕೆ ಹಾಕುತ್ತಿದ್ದವನು ನಾನೇ. ಎಷ್ಟು ತೊಳೆದರೂ, ಎಷ್ಟು ಬಿಸಿಲಿಗೆ ಹಾಕಿದರೂ ಅದಕ್ಕೆ ಏನೂ ಆಗಿರಲಿಲ್ಲ. ಅದನ್ನು ತೆಗೆದು ಮೇಜಿನ ಮೇಲೆ ಹರಡಿದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಕತ್ತರಿಸಿದೆ. ಕತ್ತರಿ ನೇರವಾಗಿ ಹೋಯಿತು.

ಎರಡು ಮಡಿಕೆ ಮಾಡಿ ಅಂಚು ಹೊಲಿದೆ. ಗಾಳಿಗೆ ಏಳಬಾರದೆಂದು ಕೆಳಗಿನ ಮಡಿಕೆಯಲ್ಲಿ ತುಂಡಾದ ಸ್ಪೋಕನ್ನು ಅಡ್ಡ ತೂರಿಸಿದೆ. ತುದಿ ನೆಲದಿಂದ ನಾಲ್ಕು ಬೆರಳು ಮೇಲೆ. ಸಂಕದ ಮೆಟ್ಟಿಲಿಗೆ ತಾಗಿದರೆ ಬಾಗುತ್ತದೆ, ಚಕ್ರದ ಒಳಗೆ ಹೋಗುವುದಿಲ್ಲ.

ಈ ಸಲ ಮೊದಲು ನಾನೇ ಬಿಟ್ಟು ನೋಡಿದೆ. ಬಿಳಿ ಬನಿಯನ್ ಹಾಕಿಕೊಂಡು, ಕ್ಯಾರಿಯರಿನಲ್ಲಿ ಬಿಳಿ ಕಾಗದ ಸುತ್ತಿದ ಡಬ್ಬಿ ಕಟ್ಟಿಕೊಂಡು ಸುರಿವ ಮಳೆಯಲ್ಲಿ ಬೈಲಿಗೆ ಇಳಿದೆ. ಯಜಮಾನರು ತೋಟದ ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದರು.

"ಪೊರ್ಬುಗಳೇ, ಈ ಪ್ರಾಯದಲ್ಲಿ ಕಂಬಳಕ್ಕಾ? ಕೋಣ ಎಲ್ಲಿ ಮಾರಾಯ್ರೆ?"

ಕೋಣ ನಾನೇ ಎಂದೆ. ಬೇಸಗೆಯ ನಂತರ ಯಾರ ತಮಾಷೆಗೂ ಉತ್ತರ ಕೊಟ್ಟಿರಲಿಲ್ಲ, ಅವರೂ ಅದನ್ನು ಗಮನಿಸಿರಬೇಕು, ನಗಲಿಲ್ಲ. ಕೆಸರು ಹೆಚ್ಚಿರುವಲ್ಲೇ ಹೋಗಿ ಬಂದೆ. ಚಕ್ರ ಭಾರವಾಯಿತು, ಆದರೆ ನಿಲ್ಲಲಿಲ್ಲ. ಪೆಡಲಿನ ಹಿಂದಿನಿಂದ ಮಣ್ಣು ಹೆಂಟೆ ಹೆಂಟೆಯಾಗಿ ಕೆಳಗೆ ಬೀಳುವ ಸದ್ದು ಕೇಳುತ್ತಿತ್ತು. ಬನಿಯನ್ ಮಳೆಗೆ ಒದ್ದೆ, ಕೆಸರು ಇಲ್ಲ. ಕಾಗದದ ಬಲಬದಿಯಲ್ಲಿ ಒಂದಷ್ಟು ಚುಕ್ಕೆ ಕಂಡವು. ಹಿಂದಿನ ಮಡ್‌ಗಾರ್ಡಿನ ಬಲ ಕಂಬಿಯನ್ನು ಸ್ವಲ್ಪ ಬಾಗಿಸಿ ಪುನಃ ಹೋಗಿ ಬಂದೆ. ಮೂರನೆಯ ಸಲವೂ ಹೋಗಿ ಬಂದೆ. ಕಾಗದ ಬಿಳಿಯಾಗಿಯೇ ಉಳಿಯಿತು.

ಸಿಸ್ಟರಿಗೆ ಹೇಳಿ ಕಳಿಸಿದೆ. ಅವರು ಬಂದು ಸೈಕಲಿನ ಸುತ್ತ ನೋಡಿದರು. ಫ್ಲ್ಯಾಪನ್ನು ಬೆರಳಿನಿಂದ ಮುಟ್ಟಿದರು. ಅದು ಯಾವುದರದ್ದೆಂದು ಅವರಿಗೆ ಗೊತ್ತಾಯಿತು, ಅದನ್ನು ಎಳೆದು ಸುಕ್ಕು ತೆಗೆದು ಹಾಸಲು ನನಗೆ ಕಲಿಸಿದವರೇ ಅವರು. ಹೊಲಿಗೆ ಗಟ್ಟಿ ಉಂಟು ಎಂದರು, ಅಷ್ಟೆ.

"ಆದ್ರೆ ಒಂದು," ಎಂದರು. "ಸಂಕದ ಹತ್ರ ಪುನಃ ನಿಂತ್ರೆ ನಾನು ಎಂತ ಮಾಡ್ಲಿ? ಇವತ್ತು ನೀವೂ ಬನ್ನಿ."

ನನಗೆ ಹೋಗಲು ಮನಸ್ಸಿರಲಿಲ್ಲ. ಕಾಯಿಲೆಯವರ ಮನೆಗೆ ಆ ಬೇಸಗೆಯ ನಂತರ ನಾನು ಕಾಲಿಟ್ಟಿರಲಿಲ್ಲ. ಬೈಲಿನ ತನಕ ಎಂದು ಹೊರಟೆ, ಸಂಕದ ತನಕ ಹೋದೆ. ಸಿಸ್ಟರ್ ಮುಂದೆ ತುಳಿಯುತ್ತಿದ್ದರು, ನಾನು ಅಂಗಡಿಯ ಹಳೆಯ ಸೈಕಲಿನಲ್ಲಿ ಹಿಂದೆ, ಅವರ ಚಕ್ರದ ಮೇಲೆಯೇ ಕಣ್ಣಿಟ್ಟು. ನನ್ನ ಸೈಕಲ್ ಎರಡು ಸಲ ಸಿಕ್ಕಿಕೊಂಡಿತು. ಅವರದು ನಿಲ್ಲಲಿಲ್ಲ. ಪೈಪಿನ ಎಡೆಯಲ್ಲಿ ಓರೆ ಮಾಡಿ, ಮೆಟ್ಟಿಲಿನಲ್ಲಿ ಹಿಂದಕ್ಕೆ ಸರಿಸಿ, ಪುನಃ ಮುಂದಕ್ಕೆ ತಂದರು. ಫ್ಲ್ಯಾಪ್ ಬಾಗಿತು, ನೇರವಾಯಿತು.

ಹಿಂದೆ ತಿರುಗುವ ಎಂದರೆ ಅಷ್ಟರಲ್ಲಿ ಮನೆಯೇ ಬಂದಿತ್ತು.

ಅಂಗಳದಲ್ಲಿ ಅವರು ರೈನ್‌ಕೋಟ್ ಕೊಡವಿ ಹಾಕಿದರು. ಪೆಟ್ಟಿಗೆ ತೆರೆದು ನೋಡಿದರು, ಒಣಗಿಯೇ ಇತ್ತು. ಪಾದಕ್ಕೆ ಒಂದು ಚೆಂಬು ನೀರು, ಕೈಗೆ ಸೋಪು. ಒಳಗೆ ಹೋದರು. ನಾನು ಜಗಲಿಯಲ್ಲಿ ನಿಂತೆ. ಒಳಗಿನಿಂದ ಆ ಗಂಡಸಿನ ಸ್ವರ ಕೇಳಿತು.

"ಸಿಸ್ಟರ್, ಹೊರಗೆ ಮಳೆ ಬಿಟ್ಟಿತಾ?"

"ಇಲ್ಲ ಮಾರಾಯ. ಸುರೀತಾ ಉಂಟು. ಕೇಳುದಿಲ್ವಾ?"

"ಮತ್ತೆ ಇಷ್ಟು ಬೇಗ ಒಳಗೆ ಬಂದ್ರಿ?"

ಸಿಸ್ಟರ್ ಏನೋ ಹೇಳಿ ನಕ್ಕರು. ನಾನು ಕೇಳಿಸಿಕೊಳ್ಳಲಿಲ್ಲ. ಹಂಚಿನ ಮಾಡಿನಿಂದ ಇಳಿಯುವ ನೀರನ್ನು ನೋಡುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಅವರು ಬಾಗಿಲಿಗೆ ಬಂದರು. ಅವನ ಹೆಂಡತಿ ರೇಶನಿಗೆ ಹೋದವಳು ಮಳೆಗೆ ಸಿಕ್ಕಿಕೊಂಡಿದ್ದಾಳೆ, ಮಗ್ಗುಲಿಗೆ ತಿರುಗಿಸಿ ಹಿಡಿಯಲು ಜನ ಬೇಕು ಎಂದರು. ನನ್ನ ಮುಖ ನೋಡಿ, ಆಗದಿದ್ದರೆ ಬೇಡ ಅಣ್ಣ, ಕಾಯುವ ಎಂದರು.

ಕಾಯುವುದು ಬೇಡ ಎಂದೆ.

ಕೈ ತೊಳೆದು ಒಳಗೆ ಹೋದೆ. ಡೆಟ್ಟಾಲಿನ ವಾಸನೆ, ಪೌಡರಿನ ವಾಸನೆ, ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಎಲ್ಲ ಗೊತ್ತಿದ್ದದ್ದೇ. ಅವನು ನನ್ನನ್ನು ನೋಡಿದ. ನಾನು ಮಂಚದ ಆ ಬದಿಗೆ ಹೋಗಿ ಒಂದು ಕೈಯನ್ನು ಅವನ ಹೆಗಲ ಹಿಂದೆ, ಇನ್ನೊಂದನ್ನು ಸೊಂಟದ ಹಿಂದೆ ಕೊಟ್ಟು, ಮೊಣಕಾಲನ್ನು ಮಂಚಕ್ಕೆ ಒತ್ತಿ ನನ್ನ ಕಡೆಗೆ ಎಳೆದುಕೊಂಡೆ. ನನ್ನ ಹೆಂಡತಿ ಕೊನೆಕೊನೆಗೆ ಏನೂ ಭಾರವಿರಲಿಲ್ಲ. ಇವನು ಭಾರವಿದ್ದ.

"ನಿಮಗೆ ಅಭ್ಯಾಸ ಉಂಟಲ್ಲ," ಎಂದ ಅವನು, ನನ್ನ ಎದೆಯ ಹತ್ತಿರದಿಂದ.

"ಉಂಟು," ಎಂದೆ.

ಸಿಸ್ಟರ್ ಹಳೆಯ ಗಾಜ್ ಬಿಡಿಸಿ ನೋಡಿದರು. ನಡುವೆ ತಪ್ಪಿದ್ದಕ್ಕೆ ಸ್ವಲ್ಪ ಒಸರಿದೆ, ಆಳಕ್ಕೆ ಹೋಗಿಲ್ಲ ಎಂದರು. ಆಮೇಲೆ ತೊಳೆಯತೊಡಗಿದರು. ಅವನು ಹಲ್ಲು ಕಚ್ಚಿಕೊಂಡು ನನ್ನ ಅಂಗಿಯನ್ನು ಹಿಡಿದ. ಅವರು ಮುಗಿಸುವ ತನಕ ನಾನು ಕೈ ಸಡಿಲಿಸಲಿಲ್ಲ.